ಅತ್ತೆಯ ತಲೆ

ನನ್ನ ಸೋದರತ್ತೆಯ ಹಣೆಯ ಅಂಚಿನಲ್ಲಿ, ಕೂದಲು ಶುರುವಾಗುವ ಕಡೆ, ಕೆಂಪು ಪಟ್ಟಿಯೊಂದಿತ್ತು. ಅದರ ಮೇಲೆ ಬೆಳ್ಳಗೆ ಹೊಳೆಯುವ ಪದರು ಏಳುತ್ತಿತ್ತು. ಕಿವಿಯ ಹಿಂದೆ ಚರ್ಮ ಒಡೆದು ರಕ್ತ ಜಿನುಗುತ್ತಿತ್ತು. ಕಪ್ಪು ಬಟ್ಟೆ ಹೊಲಿಯುವಾಗ ಹೊಟ್ಟು ಅದರ ಮೇಲೆ ಉದುರಿದರೆ, ಮಷೀನು ನಿಲ್ಲಿಸಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅಂಗೈಯಿಂದ ಸವರಿ ತೆಗೆಯುತ್ತಿದ್ದಳು.

ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಅವಳು ಕುಪ್ಪಸ ಹೊಲಿಯುತ್ತಿದ್ದಳು. ಅಪ್ಪನ ತಂಗಿ. ಸುರಪುರದ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರಂತೆ. ವರ್ಷ ತುಂಬುವ ಮೊದಲೇ ಗಂಡನ ಮನೆಯವರು ತಂದು ಬಿಟ್ಟುಹೋದರು. ಆ ವಿಷಯ ನನ್ನ ಹತ್ತಿರ ಒಮ್ಮೆ ಮಾತ್ರ ತೆಗೆದಿದ್ದಳು. "ನನ್ನ ದಿಂಬು ಓಣಿಯಾಗ ಝಾಡಿಸಿ ಮಂದಿಗಿ ತೋರಿಸಿದ್ರವ್ವ," ಎಂದವಳು ಸೂಜಿಗೆ ದಾರ ಪೋಣಿಸತೊಡಗಿದಳು.

ಅವಳು ಮಾಡದ ಮದ್ದಿರಲಿಲ್ಲ. ನಿಂಬೆರಸ ತಿಕ್ಕಿದಳು. ಯಾರೋ ಹೇಳಿದರೆಂದು ಸೋಡಾ ಕಲಸಿ ಹಚ್ಚಿ, ತಡೆಯಲಾರದಷ್ಟು ಬಿಸಿ ನೀರು ಸುರಿದುಕೊಂಡಳು. ಸಂತೆಯಲ್ಲಿ ಕೊಂಡ ಹಸಿರು ಎಣ್ಣೆ ಹಚ್ಚಿದ ದಿನ ತಲೆ ಉರಿದು, ಅಂಗಳದಲ್ಲಿ ಕುಳಿತು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಪ್ರತಿಸಲವೂ ಹೊಟ್ಟು ಮೊದಲಿಗಿಂತ ಹೆಚ್ಚೇ ಆಗುತ್ತಿತ್ತು.

ಮನೆಯಲ್ಲಿ ಅವಳಿಗೆ ಒತ್ತಿ ಕೂರುತ್ತಿದ್ದವಳು ನಾನೊಬ್ಬಳೇ. ನನ್ನ ತಲೆಗೆ ನೀರು ಹಾಕುತ್ತಿದ್ದವಳು, ಜಡೆ ಹೆಣೆಯುತ್ತಿದ್ದವಳು ಅವಳೇ. "ಉಗುರು ಹಚ್ಚಬ್ಯಾಡ, ಬೆರಳ ತುದಿಲೆ ತಿಕ್ಕು. ಹಸಿ ಕೂದ್ಲ ಕಟ್ಟಬ್ಯಾಡ," ಎಂದು ಪ್ರತಿ ವಾರವೂ ಹೇಳುತ್ತಿದ್ದಳು. ತಾನು ಅನುಭವಿಸಿದ್ದು ನನಗೆ ಬರಬಾರದೆಂಬ ಹೆದರಿಕೆ ಅವಳಿಗೆ. ಜಡೆ ಮುಗಿದ ಮೇಲೆ ಅಳತೆಯ ಟೇಪು ಹಿಡಿದು, "ಬೆಳದೈತಿ ನೋಡು," ಎಂದು ನಗುತ್ತಿದ್ದಳು. ಅವಳು ನಗುತ್ತಿದ್ದುದು ಆಗ ಮಾತ್ರ.

ನಾನು ಹೈಸ್ಕೂಲಿಗೆ ಹೋಗುವಾಗ ನನ್ನ ತಲೆಯಲ್ಲೂ ಹೊಟ್ಟು ಕಾಣಿಸಿತು. ಸಮವಸ್ತ್ರದ ಹೆಗಲ ಮೇಲೆ ಬಿದ್ದ ಬಿಳಿ ಪುಡಿ ಕಂಡದ್ದೇ ತಡ, ಅವ್ವ ಅತ್ತೆಯ ಕೈಯಲ್ಲಿದ್ದ ಬಾಚಣಿಗೆ ಕಸಿದುಕೊಂಡಳು.

"ಹತ್ತಿಸಿಬಿಟ್ಟಿ ನನ್ನ ಮಗಳಿಗಿ."

ಅತ್ತೆ ಎದುರಾಡಲಿಲ್ಲ. "ನಂದೇ ಇರಬೇಕು ವೈನಿ," ಎಂದು ದೂರ ಸರಿದಳು. ಅಂದಿನಿಂದ ಅವಳ ಹಾಸಿಗೆ ಹಿತ್ತಲ ಕೋಣೆಗೆ ಹೋಯಿತು. ಹಾಕಿದ್ದು ಅವ್ವನಲ್ಲ, ಅತ್ತೆ ತಾನೇ ಹೊತ್ತುಕೊಂಡು ಹೋದಳು.

ಪಕ್ಕದ ಮನೆಯ ಮುಸಲ್ಮಾನ ಹೆಂಗಸು, ನಾವೆಲ್ಲ ಖಾಲಾ ಎಂದು ಕರೆಯುವವರು, ಅತ್ತೆಯ ಹತ್ತಿರವೇ ಬಟ್ಟೆ ಹೊಲಿಸುತ್ತಿದ್ದರು. ಅವರಿಗೆ ಇದನ್ನು ಸಹಿಸಲಾಗಲಿಲ್ಲ. "ಯಾದಗಿರಿನ್ಯಾಗ ಚರ್ಮದ ಡಾಕ್ಟರ್ ಇದ್ದಾರ. ಇಬ್ಬರ್ದೂ ತೋರ್ಸೂನು, ನಡೀರಿ. ನಾನೂ ಬರ್ತೀನಿ," ಎಂದು ನಮ್ಮನ್ನು ಹೊರಡಿಸಿದರು. ಬಸ್ಸಿನಲ್ಲಿ ಅವ್ವ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡಳು. ಅತ್ತೆ ತಲೆ ತುಂಬ ಸೆರಗು ಹೊದ್ದು ಹಿಂದೆ ಖಾಲಾನ ಪಕ್ಕ ಕುಳಿತಳು.

ಡಾಕ್ಟರು ಹೆಂಗಸು. ಕೈಗವಸು ಹಾಕಿಕೊಳ್ಳದೆ ಅತ್ತೆಯ ಕೂದಲು ಬಿಡಿಸಿ ನೋಡಿದರು.

"ಹುಡುಗಿದು ಬರೇ ಹೊಟ್ಟು. ಔಷಧದ ಶಾಂಪೂ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೀರಿ, ಹೋಗ್ತೈತಿ," ಎಂದರು. "ಇವರ್ದು ಬ್ಯಾರೆ. ಸೋರಿಯಾಸಿಸ್ ಅಂತಾರ. ಇದು ಒಬ್ಬರಿಂದ ಒಬ್ಬರಿಗಿ ಹತ್ತೂದಿಲ್ಲ. ಪೂರಾ ಹೋಗೂದೂ ಇಲ್ಲ, ಆದ್ರ ಮುಲಾಮು ಹಚ್ಚಿಕೋತ ಇದ್ರ ಹಿಡಿತದಾಗ ಇರ್ತೈತಿ."

"ಹತ್ತೂದಿಲ್ಲೇನ್ರಿ?" ಅತ್ತೆ ಮತ್ತೆ ಕೇಳಿದಳು.

"ಹತ್ತೂದಿಲ್ರಿ."

ಮರಳುವಾಗ ಬಸ್ಸಿನಲ್ಲಿ ಅತ್ತೆ ಸೆರಗು ಹೊದ್ದಿರಲಿಲ್ಲ. ಇನ್ನೆಲ್ಲ ಸರಿಹೋಗುತ್ತದೆ ಎಂದು ನನಗೂ ಅನ್ನಿಸಿತು.

ಆ ಸಂಜೆ ಅಪ್ಪನಿಗೆ ಅವ್ವ ಎಲ್ಲ ಹೇಳಿದಳು. ಅಪ್ಪ, "ಮತ್ತ ಆಕಿನ ಒಳಗ ಕರಿ," ಎಂದ. ಅವ್ವ ದನಿ ತಗ್ಗಿಸಿದಳು. "ಡಾಕ್ಟರ್ ಹೇಳ್ಯಾಳ, ಖರೆ. ನಾಳಿ ಕನ್ಯಾ ನೋಡಾಕ ಬಂದವ್ರಿಗಿ ಯಾರು ಹೇಳಬೇಕು? ಡಾಕ್ಟರ್‌ನ ಕರಸಿ ಹೇಳಿಸೂನೇನು?" ಅಪ್ಪ ಎದ್ದು ಅಂಗಳಕ್ಕೆ ಹೋದ. ಪಡಸಾಲೆಯಲ್ಲಿ ಮಷೀನು ನಿಂತಿತು. ಸ್ವಲ್ಪ ಹೊತ್ತಿನ ನಂತರ ಮತ್ತೆ ಓಡತೊಡಗಿತು.

ನನ್ನ ಹೊಟ್ಟು ಬೇಗ ಹೋಯಿತು. ಅತ್ತೆಯ ತಲೆಯೂ ತಿಳಿಯಾಗುತ್ತ ಬಂತು. ಹಣೆಯ ಕೆಂಪು ಮಾಸಿತು. ನಾನು ಬಾಚಣಿಗೆ ಹಿಡಿದು ಹಿತ್ತಲ ಕೋಣೆಗೆ ಹೋದರೆ ಅವಳು ಮುಟ್ಟಲಿಲ್ಲ. "ಬ್ಯಾಡವ್ವ. ನಿನಗ ನಾಳಿ ಮತ್ತ ಬಂತಂದ್ರ ನನ್ನ ಹೆಸರು ಹೇಳ್ತಾರ."

ಚಳಿಗಾಲಕ್ಕೆ ಪದರು ಮರಳಿ ಬಂತು. ಗೂಡಿನಲ್ಲಿಟ್ಟ ಡಬ್ಬಿಯಲ್ಲೇ ಮುಲಾಮು ಒಣಗಿಹೋಗಿತ್ತು. ಯಾಕೆ ಹಚ್ಚುವುದಿಲ್ಲವೆಂದು ಜಗಳವಾಡಿದೆ.

"ಹಚ್ಚಿದಾಗ ತಲಿ ಛಲೋ ಆಗಿತ್ತು," ಎಂದಳು. "ಯಾರು ಹತ್ರ ಬಂದ್ರು?"

ಅಲ್ಲಿಂದ ಮುಂದೆ ಅವಳು ತಲೆಗೆ ಬಟ್ಟೆ ಕಟ್ಟಿಕೊಂಡೇ ಇದ್ದಳು. ಹೊಲಿಗೆ ತರುವವರು ಕಡಿಮೆಯಾದರು. ಖಾಲಾ ಮಾತ್ರ ಬೇಕಿಲ್ಲದಿದ್ದರೂ ಏನಾದರೊಂದು ತಂದುಕೊಡುತ್ತಿದ್ದರು.

ನಾನು ಡಿಗ್ರಿ ಓದುತ್ತಿದ್ದಾಗ ಒಂದು ಬೆಳಿಗ್ಗೆ ಎದೆ ನೋವೆಂದು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟೂ ಸಮಯ ಕೊಡಲಿಲ್ಲ.

ಮಣ್ಣಿಗೆ ಒಯ್ಯುವ ಮೊದಲು ಓಣಿಯ ಹೆಂಗಸರು ಮೈ ತೊಳೆದರು. ಕುತ್ತಿಗೆಯವರೆಗೆ ಚೆನ್ನಾಗಿಯೇ ತೊಳೆದರು. ತಲೆಯ ಬಟ್ಟೆ ಬಿಚ್ಚಲಿಲ್ಲ. ಅದರ ಮೇಲೆಯೇ ದೂರದಿಂದ ಒಂದು ತಂಬಿಗೆ ನೀರು ಸುರಿದು, "ಸಾಕು, ಆತು," ಎಂದರು.

ನಾನು ಕುಳಿತು ಬಟ್ಟೆ ಬಿಚ್ಚಿದೆ. ಯಾರೂ ತಡೆಯಲಿಲ್ಲ, ಯಾರೂ ಹತ್ತಿರ ಬರಲಿಲ್ಲ. ಪದರು ದಪ್ಪಗೆ ಕಟ್ಟಿತ್ತು. ನೀರಿಗೆ ನೆನೆದು ಮೆತ್ತಗಾಗಿ ನನ್ನ ಬೆರಳಿಗೆ ಅಂಟಿ ಬರುತ್ತಿತ್ತು. ಆ ಡಾಕ್ಟರು ಮುಟ್ಟಿದ ಮೇಲೆ ಈ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ನೀರು ತಿಳಿಯಾಗಿ ಹರಿಯುವವರೆಗೂ ತೊಳೆದು, ಒರೆಸಿ, ಕೂದಲು ಬಾಚಿದೆ.

ಮಣ್ಣು ಮುಗಿಸಿ ಗಂಡಸರು ಮರಳಿದ ಮೇಲೆ ಎಲ್ಲರೂ ಸ್ನಾನಕ್ಕೆ ಹೋದರು. ಬಚ್ಚಲ ಬಾಗಿಲಲ್ಲಿ ಅವ್ವ ನನಗಾಗಿ ಕಾಯುತ್ತಿದ್ದಳು. ಅತ್ತು ಅತ್ತು ಅವಳ ಕಣ್ಣುಗಳೂ ಬಾತಿದ್ದವು. ನನ್ನ ಕೈಗೆ ಸಬಕಾರ ಕೊಟ್ಟು, ಮುಖ ನೋಡದೆ ಹೇಳಿದಳು: "ತಲಿಗಿ ಛಲೋತ್ನಂಗ ಹಚ್ಚಿ ತೊಳ್ಕೊ."

ನಾನು ಬಾಗಿಲು ಹಾಕಿಕೊಂಡೆ. ಮೈಗಷ್ಟೇ ನೀರು ಹಾಕಿಕೊಂಡು, ತಲೆ ತೋಯಿಸದೆ ಹೊರಗೆ ಬಂದೆ.