ಕಬಾಯ್‌ಗ್ವಾನಿನ ಓದುವಾಕೆ ಮತ್ತು ಉಪ್ಪುನಾಡಿನ ಅಂಬಿಗ

ಕಬಾಯ್‌ಗ್ವಾನಿನ ಚುಟ್ಟದ ಕಾರ್ಖಾನೆಯೊಂದರಲ್ಲಿ ಓಡಾಲಿಸ್ ಕುತೀನ್ಯೊಳ ಕೆಲಸ ಓದುವುದು. ಎಪ್ಪತ್ತಮೂರು ಜನ ಸಾಲುಹಲಗೆಗಳ ಮುಂದೆ ಕುಳಿತು ತಂಬಾಕಿನೆಲೆ ಸುತ್ತುತ್ತಿರುವಾಗ ಅವಳು ಎದುರಿನ ಕಟ್ಟೆಯೇರಿ ಮೈಕಿನಲ್ಲಿ ಬೆಳಿಗ್ಗೆ ಪತ್ರಿಕೆ ಓದುತ್ತಾಳೆ, ಊಟದ ನಂತರ ಕಾದಂಬರಿ. ಇದಕ್ಕೂ ಮೊದಲು ಹನ್ನೊಂದು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದ್ದಳು. ಹೀಗಾಗಿ ಎಲ್ಲರಿಗೂ ಅವಳು ಇಂದಿಗೂ ಟೀಚರ್. ಓದುವವರನ್ನು ಆರಿಸುವುದು ಆಡಳಿತವಲ್ಲ, ಕೇಳುವವರು. ಕೈಯೆತ್ತಿ ಕೂರಿಸುತ್ತಾರೆ, ಬೇಡವಾದರೆ ಕೈಯೆತ್ತಿಯೇ ಇಳಿಸುತ್ತಾರೆ. ಓದು ಹಿಡಿಸಿದಾಗ ಎಲೆ ಕತ್ತರಿಸುವ ಅಲಗನ್ನು ಹಲಗೆಗೆ ಬಡಿಯುತ್ತಾರೆ. ಹಿಡಿಸದಿದ್ದರೆ ನೆಲಕ್ಕೆ ಬೀಳಿಸುತ್ತಾರೆ.

ಐದು ವರ್ಷಗಳಿಂದ ಮಧ್ಯಾಹ್ನಗಳೆಲ್ಲ ‘ಉಪ್ಪುನಾಡು’ ಎಂಬ ಏಳು ಸಂಪುಟಗಳ ಕಥೆಗೆ ಮೀಸಲಾಗಿದ್ದವು. ಮ್ಯಾಡ್ರಿಡ್ಡಿನಲ್ಲಿದ್ದ ಓಡಾಲಿಸಳ ಚಿಕ್ಕಪ್ಪನ ಮಗಳು ಊರಿಗೆ ಬಂದಾಗಲೆಲ್ಲ ಒಂದೊಂದು ಸಂಪುಟ ತರುತ್ತಿದ್ದಳು. ಊರಿಗೆಲ್ಲ ಅದೊಂದೇ ಪ್ರತಿ, ಅದೂ ಕಟ್ಟೆಯ ಪಕ್ಕದ ಓಡಾಲಿಸಳ ಬೀರುವಿನಲ್ಲಿ. ಮಾತನಾಡುವ ಗಾಳಿ, ಅರವತ್ತು ದಾಟಿದ ರಾಣಿ, ಏಳು ನದಿಗಳು ಎಲ್ಲವೂ ಜನಕ್ಕೆ ಇಷ್ಟವೇ. ಆದರೆ ಕಾರ್ಖಾನೆ ತನ್ನವನೆಂದು ಹಚ್ಚಿಕೊಂಡದ್ದು ಅಂಬಿಗ ತಾರ್ಬೊನನ್ನು. ಕಾಸು ಕೇಳದೆ ದಡ ದಾಟಿಸುವ, ದಾಟುವವರನ್ನು ದಾರಿಯುದ್ದಕ್ಕೂ ಬೈಯುವ ಮುದುಕ ಅವನು.

ಆರನೆಯ ಸಂಪುಟ ಮುಗಿಯುತ್ತಿದ್ದಾಗ ಸಿನಿಮಾ ಬಂತು. ಮೊದಲ ಮೂರು ಸಂಪುಟಗಳನ್ನು ಎರಡೂವರೆ ಗಂಟೆಗೆ ಇಳಿಸಿದ ಆ ಚಿತ್ರ, ವಾರವಾರ ಹೊಸ ಸಿನಿಮಾ ತುಂಬಿಕೊಂಡು ಬರುವ ಪೆನ್‌ಡ್ರೈವಿನಲ್ಲಿ ಮನೆಮನೆ ಸುತ್ತಿತು. ಸೋಮವಾರ ಬೆಳಿಗ್ಗೆ ಪತ್ರಿಕೆ ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

“ಅದು ರಾಣಿನಾ? ನನ್ನ ಮೊಮ್ಮಗಳ ಹುಟ್ಟುಹಬ್ಬಕ್ಕೆ ಬಂದ ಹುಡುಗಿ ಥರ ಇದ್ಲು,” ಎಂದಳು ಮುಂದಿನ ಸಾಲಿನ ದಿಗ್ನಾ. ನಲವತ್ತು ವರ್ಷದಿಂದ ಅದೇ ಹಲಗೆಯ ಮುಂದೆ ಕುಳಿತಿದ್ದವಳು.

“ರಾಣಿ ಹಾಳಾಗ್ಲಿ. ಏಳು ನದಿ ಇದ್ದಿದ್ದು ಒಂದಾಯ್ತಲ್ಲ, ಉಳಿದ ಆರನ್ನ ಕುಡಿದುಬಿಟ್ರಾ?” ಎಂದು ಇನ್ನೊಬ್ಬ ಕೇಳಿದ.

ಎಲಿಹಿಯೊ ಎದ್ದು ನಿಂತ. ಅರವತ್ತರ ಆಸುಪಾಸಿನವನು, ಕಾರ್ಖಾನೆಯ ಪರವಾಗಿ ಯಾವ ಅರ್ಜಿ ಬರೆಯುವುದಿದ್ದರೂ ಅವನೇ ಬರೆಯಬೇಕು. “ಅದೆಲ್ಲ ಇರ್ಲಿ. ತಾರ್ಬೊನ ಕೊಂದುಬಿಟ್ಟಿದಾರೆ ಟೀಚರ್. ಒಂದು ಅಲೆ, ಒಂದು ಕೈ ಮೇಲೆ ಬಂತು, ಮುಗೀತು. ನಾಲ್ಕು ಸೆಕೆಂಡು. ಪುಸ್ತಕದಲ್ಲಿ ಹಲಗೆ ಹಿಡ್ಕೊಂಡು ದಡ ಸೇರ್ತಾನಲ್ಲ, ನಾವೇ ಕೇಳಿಲ್ವಾ? ಸುಮ್ನೆ ಬಿಡೋದಿಲ್ಲ ನಾನು, ಕಾಗದ ಬರೀತೀನಿ. ಪುಟ ಎಷ್ಟು ಅಂತ ಹೇಳಿ.”

“ಊಟ ಆದಮೇಲೆ ನೋಡಿ ಹೇಳ್ತೀನಿ,” ಎಂದಳು ಓಡಾಲಿಸ್.

ನೋಡುವ ಅಗತ್ಯವಿರಲಿಲ್ಲ. ಪುಟ ಇನ್ನೂರ ಹನ್ನೊಂದು. ಮೂರನೆಯ ಸಂಪುಟದ ಆ ಪುಟದಲ್ಲೂ ತಾರ್ಬೊ ಮುಳುಗುತ್ತಾನೆ.

ಮೂರು ವರ್ಷದ ಹಿಂದೆ ಆ ಪುಟ ಬರುವ ಹಿಂದಿನ ವಾರ ದಿಗ್ನಾಳ ತಮ್ಮ ದೇಶ ಬಿಟ್ಟು, ಟಯರಿನ ಟ್ಯೂಬು, ಹಲಗೆ ಬಿಗಿದ ತೆಪ್ಪದಲ್ಲಿ ಸಮುದ್ರ ದಾಟಲು ಉತ್ತರಕ್ಕೆ ಹೊರಟಿದ್ದ. ಒಂಬತ್ತು ದಿನ ಕಳೆದರೂ ಸುದ್ದಿಯಿರಲಿಲ್ಲ. ದಿಗ್ನಾ ರಜೆ ಹಾಕದೆ ಬಂದು ಎಲೆ ಸುತ್ತುತ್ತಿದ್ದಳು. ಓದುತ್ತಿದ್ದ ಸಾಲಿನ ಕೊನೆಯಲ್ಲಿ ಅಲೆ ಕಂಡಾಗ ಓಡಾಲಿಸ್ ಒಂದು ಹಲಗೆಯನ್ನು ಸೃಷ್ಟಿಸಿ ಅಂಬಿಗನ ಕೈಗೆ ಕೊಟ್ಟಳು. ಒಂದೇ ವಾಕ್ಯ. ಪ್ರಯೋಗದ ಪುಸ್ತಕದಲ್ಲಿ ಕಾಣದ ಬಣ್ಣವನ್ನು ಕಂಡೆನೆಂದು ಬರೆದ ವಿದ್ಯಾರ್ಥಿ ಮುಂದಿನ ಪ್ರತಿ ಪುಟವನ್ನೂ ಅದಕ್ಕೆ ಹೊಂದಿಸುತ್ತ ಹೋಗಬೇಕಾಗುತ್ತದೆಂದು ಅವಳೇ ತರಗತಿಯಲ್ಲಿ ಹೇಳುತ್ತಿದ್ದಳು. ಬದುಕಿದವನು ಸುಮ್ಮನಿರುವುದಿಲ್ಲ. “ತಾರ್ಬೊ ಏನಾದ?” ಎಂದು ಜನ ಕೇಳತೊಡಗಿದ ಮೇಲೆ ನಾಲ್ಕನೆಯ ಸಂಪುಟದಲ್ಲಿ ಅವನಿಗೊಂದು ಹೊಸ ದೋಣಿ ಬಂತು, ಐದರಲ್ಲಿ ಮಂಡಿನೋವು ಬಂತು. ದಿಗ್ನಾಳ ತಮ್ಮನ ಸುದ್ದಿ ಇಂದಿಗೂ ಬಂದಿಲ್ಲ.

ಊಟದ ಹೊತ್ತಿಗೆ ಕಾಗದ ಸಿದ್ಧವಾಗಿತ್ತು. ಎಲಿಹಿಯೊ ಎಲ್ಲರಿಗೂ ಕೇಳುವಂತೆ ಓದಿದ: “ಚಿತ್ರ ತೆಗೆದ ಮಹನೀಯರೇ, ರಾಣಿಯನ್ನು ಹುಡುಗಿ ಮಾಡಿದಿರಿ, ಸಹಿಸಿದೆವು. ನದಿಗಳನ್ನು ಬತ್ತಿಸಿದಿರಿ, ಸಹಿಸಿದೆವು. ತಾರ್ಬೊನನ್ನು ಕೊಂದದ್ದನ್ನು ಸಹಿಸೆವು. ಎಪ್ಪತ್ತಮೂರು ಜನ ಇದಕ್ಕೆ ಸಾಕ್ಷಿ. ನಮ್ಮ ಟೀಚರ್ ಪುಸ್ತಕದ ಒಂದು ಅಲ್ಪವಿರಾಮವನ್ನೂ ಬದಲಿಸಿದವರಲ್ಲ.” ಹಲಗೆಗಳ ಮೇಲೆ ಅಲಗುಗಳು ಸದ್ದು ಮಾಡಿದವು. “ಮೊದಲ ಸಹಿ ನಿಮ್ದೇ ಟೀಚರ್. ಪುಟದ ಜಾಗ ಖಾಲಿ ಬಿಟ್ಟಿದೀನಿ, ನೀವೇ ತುಂಬಿ.”

ಓಡಾಲಿಸ್ ಪೆನ್ನು ತೆಗೆದುಕೊಂಡಳು. ಎಪ್ಪತ್ತಮೂರು ಜನ ಒಂದೇ ಮಾತು ಹೇಳಿದರೂ ಅದರ ಮೂಲ ಒಂದೇ ಆಗಿದ್ದರೆ ಸಾಕ್ಷಿಯೂ ಒಂದೇ. ಆ ಒಂದು ಸಾಕ್ಷಿ ತಾನು. ಪುಸ್ತಕ ಕಳೆದಿದೆ ಎನ್ನಬಹುದಿತ್ತು. ಬೇರೆ ಮುದ್ರಣದಲ್ಲಿ ಬೇರೆ ಇರುತ್ತದೆ ಎಂದರೂ ನಂಬುತ್ತಿದ್ದರು. ನಂಬುತ್ತಾರೆ ಎಂಬುದೇ ಆ ದಾರಿಗಳನ್ನು ಮುಚ್ಚಿತು. ಅವಳು ಪೆನ್ನನ್ನು ಹಿಂದಿರುಗಿಸಿ, ಮೂರನೆಯ ಸಂಪುಟ ತಂದು, ಕಟ್ಟೆಯೇರಿದಳು.

“ಪುಟ ಇನ್ನೂರ ಹನ್ನೊಂದು. ಇದರಲ್ಲಿ ಇರೋದನ್ನೇ ಈಗ ಓದ್ತೀನಿ. ಅವತ್ತು ಓದಿದ್ದು ನಾನು ಕಟ್ಟಿದ್ದು.”

ಓದಿದಳು. ಅಲೆ ಬಂತು, ಕೈ ಮೇಲೆ ಬಂತು, ದೋಣಿ ಬರಿದಾಗಿ ತಿರುಗಿತು. ದಿಗ್ನಾ ಇದ್ದ ಕಡೆ ಅವಳು ನೋಡಲಿಲ್ಲ. ಮುಗಿಸಿದಾಗ ಹಿಂದಿನ ಸಾಲಿನಲ್ಲಿ ಒಂದು ಅಲಗು ನೆಲಕ್ಕೆ ಬಿತ್ತು; ಆಮೇಲೆ ಹತ್ತಾರು.

“ಹಂಗಾದ್ರೆ ಆ ಸಿನಿಮಾದವರು ಸರಿನಾ?” ಎಂದು ಎಲಿಹಿಯೊ ಕೇಳಿದ.

“ತಾರ್ಬೊ ವಿಷಯದಲ್ಲಿ ಸರಿ. ರಾಣಿ, ನದಿ ವಿಷಯದಲ್ಲಿ ನೀವು ಬರೆದಿದ್ದೇ ಸರಿ, ಅವರದು ತಪ್ಪು.”

“ಅವೆರಡಕ್ಕೋಸ್ಕರ ನಾನು ಅಂಚೆಚೀಟಿ ದಂಡ ಮಾಡಲ್ಲ,” ಎಂದು ಅವನು ಕಾಗದವನ್ನು ಮಡಚಿ ಜೇಬಿಗಿಟ್ಟ.

ಯಾಕೆ ಹೀಗೆ ಮಾಡಿದಿರಿ ಎಂದು ಯಾರೋ ಕೂಗಿದರು. ಓಡಾಲಿಸ್ ಪುಸ್ತಕ ಮುಚ್ಚಿ ಕಟ್ಟೆಯಿಳಿದಳು. ಮೂರು ವರ್ಷದ ಹಿಂದಿನ ಆ ವಾರ ಯಾವುದೆಂದು ನೆನಪಿದ್ದವರು ತಾವೇ ಲೆಕ್ಕ ಹಾಕಿಕೊಂಡರು. ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸಿದವಳು ದಿಗ್ನಾ. ಸಂಜೆ ಗೇಟಿನ ಬಳಿ ಓಡಾಲಿಸಳನ್ನು ತಡೆದು ನಿಲ್ಲಿಸಿದಳು.

“ನನಗೋಸ್ಕರಾನಾ?”

“ಹೌದು.”

“ನಾನು ಕೇಳಿದ್ನಾ ನಿನ್ನ? ಈ ಹಲಗೆ ಮುಂದೆ ಕೂತು ಎಷ್ಟು ಸಾವು ಕೇಳಿಲ್ಲ ನಾನು. ಇಡೀ ಕಾರ್ಖಾನೆಗೆ ನನ್ನ ನೆಪದಲ್ಲಿ ಸುಳ್ಳು ಓದಿದೀಯ. ಮೂರು ವರ್ಷ ಆ ಮುದುಕನ ಮಂಡಿನೋವಿಗೆ ಮರುಗಿದೆನಲ್ಲ ನಾನು, ಪೆದ್ದಿ ಹಂಗೆ.”

ಗುರುವಾರ ಮತಕ್ಕೆ ಹಾಕಿದರು. ಮೂವತ್ತೆಂಟು ಕೈಗಳು ಅವಳು ಇರಲಿ ಎಂದವು, ಮೂವತ್ತನಾಲ್ಕು ಬೇಡ ಎಂದವು. ದಿಗ್ನಾ ಯಾವ ಕಡೆಗೂ ಕೈಯೆತ್ತಲಿಲ್ಲ. “ನನ್ನ ಕೈ ನಿಮ್ಮ ವಿರುದ್ಧ ಇತ್ತು ಟೀಚರ್. ಬೆನ್ನ ಹಿಂದೆ ಹೇಳೋದು ಬೇಡ ಅಂತ ಎದುರಿಗೇ ಹೇಳ್ತಿದೀನಿ,” ಎಂದ ಎಲಿಹಿಯೊ.

ಕೆಲಸ ಉಳಿಯಿತು, ಮಾತಿನ ತೂಕ ಇಳಿಯಿತು. ಮರುದಿನ ಬೇಸ್‌ಬಾಲ್ ಪಂದ್ಯದ ಸುದ್ದಿ ಓದಿದಾಗ, “ಅಷ್ಟು ರನ್ ಪತ್ರಿಕೆಯದೋ ನಿಮ್ಮದೋ?” ಎಂದು ಹಿಂದಿನಿಂದ ಕೇಳಿದರು. ನಗು ಎದ್ದಿತು. ಅವಳು ಪತ್ರಿಕೆಯನ್ನು ಇಳಿಸಿ ಎಲಿಹಿಯೊನ ಕೈಗೆ ಕೊಟ್ಟಳು. ಅವನು ಕನ್ನಡಕ ಹಾಕಿಕೊಂಡು ಓದಿ, “ಸರಿಯಾಗೇ ಇದೆ,” ಎಂದು ಹಿಂದಿರುಗಿಸಿದ. ಬಾಯಿಮಾತಿನ ಕ್ಷಮೆಗಿಂತ ಈ ಪರೀಕ್ಷೆಯೇ ನ್ಯಾಯವೆಂದು ಓಡಾಲಿಸಳಿಗೆ ಅನ್ನಿಸಿತು. ಏಳನೆಯ ಸಂಪುಟವನ್ನು ಆರಂಭಿಸಿದಾಗ ಪ್ರತಿ ಪುಟದ ಸಂಖ್ಯೆಯನ್ನು ಮೊದಲು ಹೇಳಿ ಆಮೇಲೆ ಓದತೊಡಗಿದಳು. ಬೇಕಾದವರು ಕಟ್ಟೆಗೆ ಬಂದು ನೋಡಬಹುದಿತ್ತು. ಮೊದಲ ವಾರ ಆರು ಜನ ಬಂದರು, ಎರಡನೆಯ ವಾರ ಎಲಿಹಿಯೊ ಒಬ್ಬನೇ.

ತಾರ್ಬೊ ಇಲ್ಲದ ಉಪ್ಪುನಾಡಿನಲ್ಲಿ ನದಿ ದಾಟಿಸುವವನು ಈಗ ಒಬ್ಬ ಮೂಗ ಹುಡುಗ. ಬೈಗುಳವಿಲ್ಲದ ಪ್ರಯಾಣ ಕಾರ್ಖಾನೆಗೆ ಸಪ್ಪೆಯೆನಿಸಿತು, ಆದರೂ ಕೇಳಿದರು.

ಮೂರನೆಯ ವಾರ ಊಟದ ಹೊತ್ತಿನಲ್ಲಿ ದಿಗ್ನಾ ತನ್ನ ಅನ್ನ, ಕಪ್ಪು ಬೀನ್ಸಿನ ಡಬ್ಬಿ ತಂದು ಓಡಾಲಿಸಳ ಪಕ್ಕ ಕುಳಿತಳು. ಗೇಟಿನ ಬಳಿಯ ಆ ಸಂಜೆಯಿಂದ ಇಬ್ಬರ ನಡುವೆ ಮಾತಿರಲಿಲ್ಲ. ಅರ್ಧ ಡಬ್ಬಿ ಮುಗಿಸಿ ದಿಗ್ನಾ ಕೇಳಿದಳು:

“ಮಗಳೇ, ಆ ಮುದುಕನ್ನ ಕೊನೆಗೆ ಎಲ್ಲಿಗೆ ಮುಟ್ಟಿಸ್ಬೇಕು ಅಂತಿದ್ದೆ ನೀನು?”

“ಇನ್ನೂ ಯೋಚ್ನೆ ಮಾಡಿರ್ಲಿಲ್ಲ.”

“ಮಾಡು,” ಎಂದಳು ದಿಗ್ನಾ, ಡಬ್ಬಿಯ ತಳ ಕೆರೆಯುತ್ತ. “ಮೈಕಲ್ಲಿ ಮಾತ್ರ ಬೇಡ. ಇಲ್ಲಿ ಹೇಳು.”