ಅಂದ್ರಕ್ಕನ ಚೀಟಿ

ನಮ್ಮ ಆಸ್ಪತ್ರೆಯ ನೆಲಮಹಡಿಯಲ್ಲಿ ಅಕ್ಕಪಕ್ಕ ಎರಡು ಕಿಟಕಿಗಳಿವೆ. ಒಂದರಲ್ಲಿ ನಾನು ಕೂರುತ್ತೇನೆ. ಬಿಲ್ಲು ಕಟ್ಟಿಸಿಕೊಳ್ಳುವುದು, ಜೊತೆಗೆ ಜನರಿಂದ ಬೈಸಿಕೊಳ್ಳುವುದು ನನ್ನ ಕೆಲಸ. ಪಕ್ಕದ ಕಿಟಕಿಯ ಮೇಲೆ ‘ಆರೋಗ್ಯ ವಿಮೆ’ ಎಂದು ಬರೆದಿದೆ. ಅಲ್ಲಿ ಹದಿನೇಳು ವರ್ಷಗಳಿಂದ ಕೂತಿರುವವಳು ಅಂದ್ರಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಅವಳ ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ. ವಿಮೆ ಕಂಪನಿಯ ಕಾಗದದಲ್ಲಿ ಎಂಥ ಕಗ್ಗಂಟಿನ ಮಾತು ಬಂದರೂ ಅವಳು ಒಂದು ಉಸಿರು ಬಿಟ್ಟು, ‘ಅಂದ್ರೆ...’ ಎಂದು ಶುರು ಮಾಡುತ್ತಾಳೆ. ಹಾಗಾಗಿ ವಾರ್ಡಿನ ನರ್ಸುಗಳಿಂದ ಗೇಟಿನ ಕಾವಲಿನವನವರೆಗೆ ಎಲ್ಲರಿಗೂ ಅವಳು ಅಂದ್ರಕ್ಕ.

ಅವಳ ಬಾಯಲ್ಲಿ ನಾನು ಸಿಡುಕಿ. ಸುಳ್ಳೇನೂ ಅಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದೇ ಪ್ರಶ್ನೆಯನ್ನು ಮೂರನೇ ಸಲ ಕೇಳಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಅವಳು ಮಾತ್ರ ಮೂವತ್ತು ಸಲ ಕೇಳಿದರೂ ಹೇಳುತ್ತಾಳೆ. ಮುಖದಲ್ಲಿ ನಗು ಇರುವುದಿಲ್ಲ, ಬೇಸರವೂ ಇರುವುದಿಲ್ಲ. ದಣಿದ ದನಿಯಲ್ಲಿ, ಮೊದಲನೆಯ ಸಲ ಹೇಳುವಷ್ಟೇ ನಿಧಾನವಾಗಿ ಹೇಳುತ್ತಾಳೆ.

ಒಬ್ಬ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿಕೊಂಡು ಕೇಳುತ್ತಾರೆ, “ಕೋ-ಪೇ ಇಪ್ಪತ್ತು ಪರ್ಸೆಂಟ್ ಅಂತ ಇದೆಯಲ್ಲಮ್ಮ, ಏನಿದು?”

“ಅಂದ್ರೆ ಮೇಷ್ಟ್ರೇ, ಬಿಲ್ಲಲ್ಲಿ ನಿಮ್ಮದೂ ಒಂದು ಪಾಲು. ನೂರಕ್ಕೆ ಇಪ್ಪತ್ತು ನೀವು, ಎಂಬತ್ತು ಅವರು.”

“ಮತ್ತೆ ಈ ಡಿಡಕ್ಟಿಬಲ್?”

“ಅಂದ್ರೆ ಹೊಸಿಲು. ಬಿಲ್ಲು ಆ ಹೊಸಿಲು ದಾಟೋವರೆಗೂ ಪೂರ್ತಿ ನಿಮ್ಮದೇ. ದಾಟಿದ ಮೇಲೆ ಎಷ್ಟಾಗುತ್ತೋ ಅದಕ್ಕೆ ಮಾತ್ರ ಅವರು ಎದ್ದು ಬರ್ತಾರೆ.”

ಹೇಳಿದ್ದನ್ನು ಅವಳು ಚೀಟಿಯಲ್ಲಿ ಬರೆದೂ ಕೊಡುತ್ತಾಳೆ. ಒಂದು ಬದಿ ಖಾಲಿ ಇರುವ ಹಳೆಯ ಕಾಗದಗಳನ್ನೆಲ್ಲ ಅಂಗೈ ಅಗಲಕ್ಕೆ ಕತ್ತರಿಸಿ, ಕ್ಲಿಪ್ಪು ಹಾಕಿ ಇಟ್ಟುಕೊಂಡಿರುತ್ತಾಳೆ. ಅದರ ಮೇಲೆ ದುಂಡನೆಯ ಅಕ್ಷರದಲ್ಲಿ ಮೂರು ಸಾಲು. ಕಂಪನಿ ಏನು ಕೊಡುತ್ತದೆ, ಏನು ಕೊಡುವುದಿಲ್ಲ, ಕೈಯಲ್ಲಿ ಎಷ್ಟು ಇಟ್ಟುಕೊಂಡಿರಬೇಕು. ಅಷ್ಟೇ. ನಲವತ್ತು ಪುಟದ ಪಾಲಿಸಿಯನ್ನು ಮನೆಯಲ್ಲಿ ಬಿಟ್ಟು ಬರುವ ಜನ ಆ ಚೀಟಿಯನ್ನು ಮಾತ್ರ ಜೋಪಾನವಾಗಿ ಮಡಚಿ ಜೇಬಿನಲ್ಲಿಟ್ಟುಕೊಳ್ಳುತ್ತಾರೆ.

ಎಲ್ಲರೂ ಕೇಳುತ್ತಾರೆ ಅಂತಲ್ಲ. ಒಬ್ಬ ಲಾರಿ ಮಾಲೀಕ ತನ್ನ ತಾಯಿಗೆ ಒಬ್ಬರೇ ಇರುವ ರೂಮೇ ಬೇಕೆಂದು ಹಟ ಹಿಡಿದಿದ್ದ.

“ನಿಮ್ಮ ಪಾಲಿಸೀಲಿ ರೂಮ್ ಬಾಡಿಗೆಗೆ ಮಿತಿ ಇದೆ ಅಣ್ಣ. ಇದು ಅದರ ಎರಡರಷ್ಟು,” ಎಂದಳು ಅಂದ್ರಕ್ಕ.

“ಇರ್ಲಿ ಬಿಡಿ, ಬಾಡಿಗೆ ವ್ಯತ್ಯಾಸ ನಾನೇ ಕೊಡ್ತೀನಿ.”

“ಬಾಡಿಗೆ ಒಂದೇ ಅಲ್ಲ ಅಣ್ಣ. ಅಂದ್ರೆ, ರೂಮು ಎರಡರಷ್ಟಾದ್ರೆ ಡಾಕ್ಟರ್ ಫೀಸು, ಥಿಯೇಟರ್ ಚಾರ್ಜು ಅವನ್ನೂ ಅರ್ಧಕ್ಕೆ ಕತ್ತರಿಸ್ತಾರೆ. ಯೋಚನೆ ಮಾಡಿ.”

“ಅಮ್ಮನ ವಿಷಯದಲ್ಲಿ ಯೋಚನೆ ಏನ್ರೀ!” ಎಂದು ಎದೆ ಉಬ್ಬಿಸಿಕೊಂಡು ಹೋದ. ಐದು ದಿನದ ಮೇಲೆ ಅದೇ ಎದೆಯನ್ನು ನನ್ನ ಕಿಟಕಿಗೆ ಒತ್ತಿ ನಿಂತು, ಆಸ್ಪತ್ರೆಯವರೆಲ್ಲ ಕಳ್ಳರು ಎಂದು ಕೂಗಾಡಿದ. ಪಾಪದ ಪ್ರಾಣಿ ನಾನು ಸಿಕ್ಕೆನಲ್ಲ. ಅಂದ್ರಕ್ಕ ತನ್ನ ಕಿಟಕಿಯಿಂದ ನೀರಿನ ಬಾಟಲಿ ಚಾಚಿ, “ಮೊದ್ಲು ನೀರು ಕುಡೀರಿ ಅಣ್ಣ” ಎಂದಳು.

ಅವಳ ಮೇಲೆ ನನಗೂ ಒಮ್ಮೆ ರೋಷ ಬಂದಿತ್ತು. ನನ್ನ ತಮ್ಮನಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಅವನು ಪಾಲಿಸಿ ಮಾಡಿಸಿ ಇಪ್ಪತ್ತೇ ತಿಂಗಳಾಗಿತ್ತು, ಹರ್ನಿಯಾಕ್ಕೆ ಎರಡು ವರ್ಷ ಕಾಯಬೇಕೆಂದು ಅದರಲ್ಲಿ ಬರೆದಿತ್ತು. ಹರ್ನಿಯಾ ಬದಲು ಬೇರೇನಾದರೂ ಬರೆಸಿ ಕಳಿಸು ಎಂದು ನಾನು ಕೇಳಿಕೊಂಡೆ. “ಆಗಲ್ಲ ಕಣೇ ಸಿಡುಕಿ,” ಎಂದಳು. ಬೇಡಿಕೊಂಡೆ, ಅತ್ತುಬಿಟ್ಟೆ. “ಆಗಲ್ಲ” ಎಂದಳು. ಎಂಟು ತಿಂಗಳು ಅವಳೊಂದಿಗೆ ಮಾತು ಬಿಟ್ಟೆ. ಇಬ್ಬರ ನಡುವೆ ಒಂದು ಗಾಜು ಅಷ್ಟೇ. ದಿನವಿಡೀ ಅವಳ ‘ಅಂದ್ರೆ’ ಕೇಳಿಸುತ್ತಿತ್ತು, ನಾನು ಮುಖ ಊದಿಸಿಕೊಂಡು ಕೂತಿರುತ್ತಿದ್ದೆ. ಕೊನೆಗೆ ಅವಳೇ ಒಂದು ಬೆಳಗ್ಗೆ ನನ್ನ ಮೇಜಿನ ಮೇಲೆ ಟೀ ಇಟ್ಟು, “ಸಾಕು ಕಣೇ, ನಂಗೂ ಸುಸ್ತಾಯ್ತು” ಎಂದಳು. ಸುಸ್ತಾದವರ ಹತ್ತಿರ ಎಷ್ಟು ದಿನ ಅಂತ ಜಗಳ ಆಡುವುದು?

ಸುಸ್ತು ಅವಳ ಮೈಯಲ್ಲೇ ಮನೆ ಮಾಡಿತ್ತು. ಐವತ್ತಾರು ವರ್ಷ. ಎರಡೂ ಮಂಡಿ ನೋವು. ಗಂಡ ಮನೆಗಳಿಗೆ ಬಣ್ಣ ಬಳಿಯುವವರು, ಅವರಿಗೂ ಅರವತ್ತು ದಾಟಿತ್ತು. ಇಬ್ಬರೂ ಒಂದೇ ಸಲ ಕೆಲಸ ಬಿಡುವುದು, ಇಷ್ಟು ವರ್ಷ ಕೂಡಿಟ್ಟದ್ದರಲ್ಲಿ ಹೇಗೋ ಕಾಲ ಕಳೆಯುವುದು ಎಂದು ಮಾತಾಡಿಕೊಂಡಿದ್ದರು. ಕೆಲಸ ಬಿಡುವ ಪತ್ರವನ್ನು ಅವಳು ಆಗಲೇ ಟೈಪು ಮಾಡಿ ಡ್ರಾಯರಿನಲ್ಲಿ ಇಟ್ಟಿದ್ದಳು, ತಾರೀಕು ಮಾತ್ರ ಹಾಕಿರಲಿಲ್ಲ. ಒಂದು ಮಧ್ಯಾಹ್ನ ನನಗೆ ತೋರಿಸಿದಳು.

“ಬರೋ ತಿಂಗಳು ಕೊಡ್ತೀನಿ. ಆಮೇಲೆ ದಿನಾ ಬಿಸಿಲು ಏರೋವರೆಗೂ ಮಲಗ್ತೀನಿ. ಯಾರೂ ನನ್ನ ಏನೂ ಕೇಳಬಾರದು.”

“ಕೆಲಸ ಬಿಟ್ಟರೆ ಬಾಯಿ ತುರಿಸುತ್ತೆ ನಿಂಗೆ,” ಎಂದು ಛೇಡಿಸಿದೆ.

“ಇಲ್ಲ ಕಣೇ,” ಎಂದಳು. “ಮನೆಗೆ ಹೋದ ಮೇಲೆ ನಂಗೆ ಒಂದು ಮಾತೂ ಬರಲ್ಲ. ಅವರು ಏನಾದ್ರೂ ಕೇಳಿದ್ರೆ ಹೂಂ, ಊಹೂಂ, ಅಷ್ಟೇ.”

ಅದಾಗಿ ಒಂಬತ್ತು ದಿನಕ್ಕೆ ಅವಳ ಗಂಡನನ್ನು ನಮ್ಮ ಆಸ್ಪತ್ರೆಗೇ ಕರೆತಂದರು. ಏಣಿಯ ಮೇಲಿದ್ದಾಗ ಎದೆ ಹಿಡಿದುಕೊಂಡಿತ್ತಂತೆ. ಪುಣ್ಯಕ್ಕೆ ಬೀಳಲಿಲ್ಲ. ಅಂಗಿಯ ತುಂಬ ಹಸಿರು ಬಣ್ಣದ ಚುಕ್ಕೆ, ಮುಖ ಮಾತ್ರ ಬಿಳಿಚಿಕೊಂಡಿತ್ತು. ಹೃದಯದ ರಕ್ತನಾಳಗಳು ಮೂರು ಕಡೆ ಕಟ್ಟಿಕೊಂಡಿವೆ, ಆಪರೇಷನ್ ಬೇಗ ಆಗಬೇಕು ಎಂದರು ಡಾಕ್ಟರು.

ಅಂದ್ರಕ್ಕ ಕಣ್ಣೊರೆಸಿಕೊಂಡು ತನ್ನ ಕುರ್ಚಿಗೆ ಬಂದು ಕೂತಳು. ಗಂಡನ ಕ್ಯಾಶ್‌ಲೆಸ್ ಅರ್ಜಿಯನ್ನು ಅವಳೇ ತುಂಬಬೇಕಿತ್ತು. ಕ್ಯಾಶ್‌ಲೆಸ್ ಅಂದರೆ ಕಂಪನಿ ಮೊದಲೇ ಒಪ್ಪಿ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವುದು. ಇದನ್ನು ನಾನೂ ಅವಳ ಬಾಯಿಂದಲೇ ಕಲಿತದ್ದು. ಪಾಲಿಸಿ ಮಾಡಿಸಿ ನಾಲ್ಕು ವರ್ಷವಾಗಿತ್ತು. ಒಂದು ಕಂತೂ ತಪ್ಪಿರಲಿಲ್ಲ. “ಏನೂ ತೊಂದರೆ ಇಲ್ಲ, ಬರುತ್ತೆ,” ಎಂದು ನನಗೆ ಹೇಳುತ್ತ, ಮೇಲಿನಿಂದ ಬಂದ ಕೇಸ್ ಶೀಟನ್ನು ಸ್ಕ್ಯಾನರಿಗೆ ಇಡಲು ಹೋದವಳು ಹಾಗೇ ನಿಂತುಬಿಟ್ಟಳು.

ನಾನು ಎದ್ದು ಹೋಗಿ ನೋಡಿದೆ. ಡ್ಯೂಟಿ ಡಾಕ್ಟರು ಬರೆದಿದ್ದರು: ರೋಗಿಯೇ ಹೇಳಿದಂತೆ, ಆರು ವರ್ಷದಿಂದ ಬಿಪಿ ಇದೆ, ದಿನಾ ಮಾತ್ರೆ ತೆಗೆದುಕೊಳ್ಳುತ್ತಾರೆ.

“ಬಿಪಿನಾ?” ಎಂದೆ. “ನೀನು ಹೇಳೇ ಇರ್ಲಿಲ್ವಲ್ಲೇ ಅಕ್ಕ.”

“ನಂಗೇ ಗೊತ್ತಿಲ್ಲ,” ಎಂದಳು.

ಪಾಲಿಸಿಯ ಅರ್ಜಿಯಲ್ಲಿ, ಹಳೆಯ ಕಾಯಿಲೆ ಏನಾದರೂ ಇದೆಯೇ ಎಂಬ ಪ್ರಶ್ನೆಯ ಮುಂದೆ ಅವಳೇ ತನ್ನ ದುಂಡನೆಯ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದಿದ್ದಳು.

ಇದರಲ್ಲಿ ನನಗೆ ಇವತ್ತಿಗೂ ಹೊಟ್ಟೆ ಉರಿಸುವ ಸಂಗತಿ ಒಂದಿದೆ. ಹೊಸ ಪಾಲಿಸಿಯ ಅರ್ಜಿ ಹಿಡಿದುಕೊಂಡು ಸಲಹೆಗೆ ಬರುವವರನ್ನು ಅವಳು ಎಂದೂ ‘ಕಾಯಿಲೆ ಇದೆಯಾ’ ಎಂದು ಕೇಳಿದವಳಲ್ಲ. ಹಾಗೆ ಕೇಳಿದರೆ ಯಾರೂ ಇದೆ ಎನ್ನುವುದಿಲ್ಲ. ಬಿಪಿ, ಶುಗರ್ ಎಲ್ಲ ಜನರ ಲೆಕ್ಕದಲ್ಲಿ ಕಾಯಿಲೆಯೇ ಅಲ್ಲ. “ದಿನಾ ಯಾವ ಮಾತ್ರೆ ನುಂಗ್ತೀರಿ? ಡಬ್ಬಿ ತಂದು ತೋರಿಸಿ,” ಎಂದೇ ಕೇಳುತ್ತಿದ್ದಳು. ಮನೆಯಲ್ಲಿ ಮಾತ್ರ, ನಾಲ್ಕು ವರ್ಷದ ಹಿಂದಿನ ಒಂದು ಸಂಜೆ, ಕಾಲು ಚಾಚಿ ಕೂತು, ಅರ್ಧ ಕಣ್ಣು ಮುಚ್ಚಿಕೊಂಡು, “ರೀ, ನಿಮಗೆ ಕಾಯಿಲೆ ಗೀಯಿಲೆ ಏನೂ ಇಲ್ಲ ತಾನೆ?” ಎಂದು ಕೇಳಿದ್ದಳು. “ನಂಗೇನೇ, ಗುಂಡುಕಲ್ಲು ಇದ್ದ ಹಾಗಿದೀನಿ,” ಎಂದಿದ್ದರು ಅವರು. ಅಲ್ಲಿಗೆ ಮುಗಿಯಿತು. ಮಾತ್ರೆ ಇದ್ದದ್ದು ಅವರ ಬ್ರಷ್ಷುಗಳ ಚೀಲದಲ್ಲಿ.

ನನಗೆ ತಡೆಯಲಾಗಲಿಲ್ಲ. “ಕೊಡು ಇಲ್ಲಿ,” ಎಂದು ಕೇಸ್ ಶೀಟಿಗೆ ಕೈ ಹಾಕಿದೆ. “ಆ ಡಾಕ್ಟರ್ ಹುಡುಗಿ ನನ್ನ ಮಾತು ತೆಗೆದುಹಾಕಲ್ಲ. ಆರನ್ನ ಮೂರು ಮಾಡಿಸ್ಕೊಂಡು ಬರ್ತೀನಿ. ಪಾಲಿಸಿ ಆದ ಮೇಲೆ ಬಂದ ಬಿಪಿ ಅಂತಾಗುತ್ತೆ. ಎರಡು ನಿಮಿಷದ ಕೆಲಸ.”

“ಬಿಡು ಕಣೇ.”

“ತಲೆ ಕೆಟ್ಟಿದೆಯಾ ಅಕ್ಕ? ನೀನು ಕೂಡಿಟ್ಟಿದ್ದೆಲ್ಲ ಗುಡಿಸಿಕೊಂಡು ಹೋಗುತ್ತೆ!”

ಅವಳು ಕಾಗದವನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು.

“ಹದಿನೇಳು ವರ್ಷದಿಂದ ಈ ಕಿಟಕೀಲಿ ಎಷ್ಟು ಜನ ಇದನ್ನೇ ಕೇಳಿದಾರೆ ಗೊತ್ತಾ? ಕಾಲಿಗೆ ಬಿದ್ದಿದಾರೆ. ಎಲ್ಲರನ್ನೂ ವಾಪಸ್ ಕಳ್ಸಿದೀನಿ. ನಿನ್ನನ್ನೂ ಕಳ್ಸಿದೀನಲ್ಲೇ. ಈಗ ನನ್ನ ಗಂಡ ಅಂತ ಬದಲಾಯಿಸಿದ್ರೆ ನಾಳೆ ಯಾವ ಮುಖ ಇಟ್ಕೊಂಡು ನಿನ್ನ ಪಕ್ಕ ಕೂತ್ಕೊಳ್ಳಲಿ?”

ತಮ್ಮನ ವಿಷಯ ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಸ್ಕ್ಯಾನ್ ಮಾಡಿ ಕಳಿಸಿದಳು.

ಮೂರು ತಾಸಿನಲ್ಲಿ ಉತ್ತರ ಬಂತು. ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟಿರುವುದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಗಂಡ ಹೇಳಿರಲಿಲ್ಲ, ನನಗೆ ತಿಳಿದಿರಲಿಲ್ಲ ಎಂದು ಅವಳು ಮೇಲ್ಮನವಿ ಬರೆದಳು. ಅದಕ್ಕೂ ಅದೇ ಉತ್ತರ. ಆಪರೇಷನ್ ಕಾಯುವ ಹಾಗಿರಲಿಲ್ಲ. ಬ್ಯಾಂಕಿನಲ್ಲಿದ್ದದ್ದನ್ನೆಲ್ಲ ಬಿಡಿಸಿ ತಂದು ನನ್ನ ಕಿಟಕಿಯಲ್ಲೇ ಕಟ್ಟಿದಳು. ರಸೀದಿ ಹರಿದು ಕೊಡುವಾಗ ನನಗೆ ಅವಳ ಮುಖ ನೋಡಲಾಗಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಆರನೇ ದಿನ ವಾರ್ಡಿಗೆ ಹೋದಾಗ ಅವರು ದಿಂಬಿಗೆ ಒರಗಿ ಕೂತಿದ್ದರು. ಅಂದ್ರಕ್ಕ ಪಕ್ಕದ ಸ್ಟೂಲಿನ ಮೇಲೆ ಇದ್ದಳು. ಕಂಪನಿ ಹಣ ಕೊಡಲಿಲ್ಲ ಎಂಬುದನ್ನು ಅವಳು ಅವರಿಗೆ ಅವತ್ತೇ ಹೇಳಿದ್ದಳು ಎಂದು ಕಾಣುತ್ತದೆ. ಇಬ್ಬರ ಕಣ್ಣೂ ಕೆಂಪಗಿದ್ದವು. ಅಂಥ ಹೊತ್ತಿನಲ್ಲೇ ನನಗೆ ಬಾಯಿ ಮುಚ್ಚಿಕೊಂಡಿರಲು ಬರುವುದಿಲ್ಲ.

“ಅಲ್ಲ ಭಾವ, ಹೆಂಡತಿ ಇದೇ ಕೆಲಸದಲ್ಲಿರುವಾಗ ಮಾತ್ರೆ ಬಚ್ಚಿಡೋದಾ? ನಿಮಗೇನು ಬಂದಿತ್ತು ದೊಡ್ಡ ರೋಗ?”

ಅವರು ಹೆಂಡತಿಯ ಕಡೆಗೇ ನೋಡಿ ಹೇಳಿದರು, “ದಿನಾ ನೂರು ಜನರ ಕಾಯಿಲೆ ಕೇಳ್ಕೊಂಡು ಬರ್ತಿದ್ದೆ ನೀನು. ಮನೇಲೂ ಒಂದು ಯಾಕೆ ಅನ್ನಿಸ್ತು ಕಣೇ. ಆಮೇಲೆ ಪಾಲಿಸಿ ಮಾಡಿಸೋವಾಗ ಹೇಳೋಣ ಅಂದ್ಕೊಂಡೆ. ಆದ್ರೆ ನೀನೇ ಅಲ್ವಾ ಬಂದು ಬಂದು ಹೇಳ್ತಿದ್ದದ್ದು, ಇವತ್ತೂ ಒಬ್ಬರಿಗೆ ಕೊಡ್ಲಿಲ್ಲ, ಹಳೇ ಕಾಯಿಲೆ ಇತ್ತು ಅಂತ. ಹೇಳಿದ್ರೆ ನಮಗೂ ಯಾವತ್ತೂ ಕೊಡಲ್ಲವೇನೋ ಅಂತ ಸುಮ್ಮನಾದೆ.”

ಅಂದ್ರಕ್ಕ ಒಂದು ಉಸಿರು ಬಿಟ್ಟಳು.

“ಕೊಡ್ತಾರೆ ರೀ. ಹಳೇ ಕಾಯಿಲೆಗೆ ವೇಟಿಂಗ್ ಪೀರಿಯಡ್ ಅಂತ ಇರುತ್ತೆ. ಅಂದ್ರೆ, ಇದೆ ಅಂತ ಮೊದಲೇ ಹೇಳಿದ್ರೆ, ಇಂತಿಷ್ಟು ವರ್ಷ ಅದಕ್ಕೆ ಕೊಡಲ್ಲ. ಆಮೇಲೆ ಕೊಡ್ತಾರೆ. ಹೇಳದೇ ಇದ್ರೇನೇ ಕೊಡದಿರೋದು.”

“ನಮ್ಮದಕ್ಕೆ ಎಷ್ಟು ವರ್ಷ?”

“ಮೂರು.”

ಅವರು ಸೂಜಿ ಚುಚ್ಚಿದ್ದ ಕೈಯ ಬೆರಳು ಮಡಚಿ ಎಣಿಸಿದರು.

“ಹಾಗಾದ್ರೆ ಹೋದ ವರ್ಷವೇ ಮುಗಿದಿರೋದಲ್ವಾ?”

“ಹೂಂ.”

“ಇಷ್ಟೇನಾ! ಇದನ್ನ ಮನೇಲಿ ಒಂದು ದಿನ ನಂಗೆ ಹೇಳಿದ್ಯೇನೇ?”

ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ನೆನಪಾಗದೆ ಕೇಳಿದರು. ಅಂದ್ರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಇಲ್ಲ,” ಎಂದಳು. “ಸುಸ್ತಾಗಿರ್ತಿತ್ತು ರೀ.”

ಅವರು ಅವಳ ಕೈ ಹಿಡಿದುಕೊಂಡರು. ನಾನು ಅಲ್ಲಿ ನಿಲ್ಲಲಾರದೆ ಮೆಟ್ಟಿಲಿಳಿದು ಬಂದೆ. ಕೆಳಗೆ ಅವಳ ಕಿಟಕಿಯ ಮುಂದೆ ಹನ್ನೊಂದು ಜನ ಕಾಯುತ್ತಿದ್ದರು. “ಅವರು ಬರಲ್ಲ, ನಾಳೆ ಬನ್ನಿ!” ಎಂದು ಎಲ್ಲರ ಮೇಲೂ ರೇಗಿದೆ.

ಮರುದಿನ ಅವಳು ಹೊತ್ತಿಗೆ ಸರಿಯಾಗಿ ಬಂದು ಕೂತಳು. ಬೆಳಗ್ಗೆಯೆಲ್ಲ ಗಾಜಿನ ಆಚೆ ಅದೇ ದಣಿದ ದನಿ ಕೇಳಿಸುತ್ತಿತ್ತು. ಒಂದೇ ಒಂದು ವ್ಯತ್ಯಾಸ. ಪ್ರತಿಯೊಬ್ಬರಿಗೂ ಕೊನೆಯಲ್ಲಿ, “ಇದನ್ನ ಮನೇಲೂ ಹೇಳಿ” ಎನ್ನುತ್ತಿದ್ದಳು.

ಹನ್ನೆರಡರ ಹೊತ್ತಿಗೆ ಒಬ್ಬ ದರ್ಜಿ ಮುಂಗಡ ಕಟ್ಟಲು ನನ್ನ ಕಿಟಕಿಗೆ ಬಂದ. ಎಷ್ಟು ಕಟ್ಟಬೇಕೆಂದು ನೋಡಿಕೊಳ್ಳಲು ಅವಳು ಬರೆದುಕೊಟ್ಟ ಚೀಟಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದುಕೊಂಡು ಓದುತ್ತಿದ್ದ. ಚೀಟಿಯ ಹಿಂಬದಿ ನನಗೆ ಕಾಣುತ್ತಿತ್ತು. ಅದರ ಮೇಲೆ ಟೈಪು ಮಾಡಿದ್ದ ಅರ್ಧ ಸಾಲು ಉಳಿದಿತ್ತು: ‘ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಬೇಕೆಂದು’.

ನಾನು ಅವನಿಂದ ಹಣ ಎಣಿಸಿಕೊಂಡು ರಸೀದಿ ಕೊಟ್ಟೆ. ಅವನು ಚೀಟಿಯನ್ನು ಮಡಚಿ, ಜೋಪಾನವಾಗಿ ಜೇಬಿಗೆ ಹಾಕಿಕೊಂಡು ಹೋದ.