ಜೇನು ಬಂತು, ಜಾಡಿ ಕೊಡಿ

ಜೇನುಹುಳುವಿಗಿರುವ ಬುದ್ಧಿ ನನಗಿಲ್ಲವೆಂಬುದು ಗೊತ್ತಾದದ್ದು ತೀರ ಈಚೆಗೆ. ಅದು ಮೊದಲು ಮೇಣದ ಕೋಣೆ ಕಟ್ಟಿಕೊಂಡು ಆಮೇಲೆ ಜೇನು ತರುತ್ತದೆ. ನಮ್ಮ ಮನೆಗೆ ಮೊದಲು ಜೇನು ಬಂತು. ಎಲ್ಲಿಡುವುದೆಂಬ ಯೋಚನೆ ಆಮೇಲೆ ಬಂತು.

ಮಗಳು ನೀಲಮ್ಮ ಚೊಚ್ಚಲ ಹೆರಿಗೆಗೆ ಗಾಜಿಪುರದ ನಮ್ಮ ಮನೆಗೆ ಬಂದಿದ್ದಳು. ಬಾಣಂತಿ ಔಷಧಿ ಕಲಸಲು ಇರಲಿ ಎಂದು ಕಮಲಾಪುರದ ಬೀಗತಿ ಗುಡ್ಡದ ಜೇನನ್ನು ಎತ್ತಿನ ಗಾಡಿಯಲ್ಲಿ ಕಳಿಸಿದರು. ಸೀಸೆಯಲ್ಲಲ್ಲ, ದೊಡ್ಡ ತಗಡಿನ ಡಬ್ಬಿಯ ತುಂಬ! ಗಾಡಿಯವನು ಅದನ್ನು ಇಳಿಸಿ, ಬೆವರು ಒರೆಸಿಕೊಂಡು, "ಡಬ್ಬಿ ಸಂಜಿಕ್ಕೇ ವಾಪಸ್ ತಾ ಅಂದಾರ್ರೀ ಅಮ್ಮೋರು" ಎಂದ.

ಮನೆಯಲ್ಲಿ ಖಾಲಿ ಇದ್ದದ್ದು ಒಂದೇ ಉಪ್ಪಿನಕಾಯಿ ಜಾಡಿ. ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಜೇನು ಕಿಲುಬೀತೆಂದು ಹೆಂಡತಿ ಅವನ್ನು ಮುಟ್ಟಗೊಡಲಿಲ್ಲ. ನಿಜಾಮರ ಕಚೇರಿಯಲ್ಲಿ ಗುಮಾಸ್ತನಾದ ನಾನು ಕನ್ನಡ, ಉರ್ದು, ಮರಾಠಿ ಎಲ್ಲದರಲ್ಲೂ ಅರ್ಜಿ ಬರೆಯಬಲ್ಲೆ. ಎರವಲು ಜಾಡಿ ಕೇಳಲು ಹೋದಾಗ ಮಾತ್ರ ಒಂದು ಭಾಷೆಯಲ್ಲೂ ಬಾಯಿ ಹೊರಳಲಿಲ್ಲ. ಆದರೂ ಪಕ್ಕದ ಜಮಾದಾರರ ಮನೆಯಾಕೆ, ಓಣಿಗೆಲ್ಲ 'ಖಾಲಾ' ಅಂದರೆ ಚಿಕ್ಕಮ್ಮ, ಪರದೆಯ ಹಿಂದಿನಿಂದಲೇ ಎರಡು ಜಾಡಿ ಸರಿಸಿದರು. ಎದುರುಮನೆಯ ಶಾಂತವ್ವ ಮೂರು ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಓಣಿಯ ಅರ್ಧಕ್ಕರ್ಧ ಜಾಡಿಗಳು ನಮ್ಮ ಪಡಸಾಲೆಯಲ್ಲಿ ಬಂದು ಕೂತಿದ್ದವು. ಸುರಿಯಲು ಕೂತರೆ, ಜೇನಿಗೆ ಅವಸರವೆಂಬುದೇ ಇಲ್ಲ. ನನ್ನ ಮೀಸೆಗೂ ಒಂದು ಪಾಲು ಸಿಕ್ಕಿತು. ಇರುವೆಗಳು ಅದನ್ನು ವಿಚಾರಿಸಿಕೊಂಡು ಬಂದವು. ಕೊನೆಗೆ ಡಬ್ಬಿ ತೊಳೆದು ಒಣಗಿಸಿ, ಅದರ ತುಂಬ ತೊಗರಿಬೇಳೆ ಹಾಕಿ ಗಾಡಿಗೆ ಏರಿಸಿದೆವು.

ಬಂದ ಪಾತ್ರೆ ಖಾಲಿ ಹೋಗಬಾರದು. ನಮ್ಮ ಕಡೆ ಇದು ನಿಜಾಮರ ಫರ್ಮಾನಿಗಿಂತ ದೊಡ್ಡದು. ಫರ್ಮಾನು ಮೀರಿದವರನ್ನು ಕಂಡಿದ್ದೇನೆ, ಇದನ್ನು ಮೀರಿದವರನ್ನು ಕಂಡಿಲ್ಲ.

ಕೆಲವು ದಿನಕ್ಕೆ ಶಾಂತವ್ವನಿಗೆ ಉಪ್ಪಿನಕಾಯಿ ಹಾಕಲು ಜಾಡಿ ಬೇಕಾಯಿತು. ಅದನ್ನು ಖಾಲಿ ಮಾಡಬೇಕಾದರೆ ಇನ್ನೊಂದು ಮನೆಯಿಂದ ಇನ್ನೊಂದು ಜಾಡಿ ತರಬೇಕು. ಶಾಂತವ್ವನ ಜಾಡಿಯನ್ನೂ ಖಾಲಿ ಕೊಡುವಂತಿಲ್ಲ. "ಒಂದು ಚಮಚ ಬಿಟ್ಟರೆ ಸಾಕಲ್ಲ" ಎಂದೆ. "ತಳ ಕಾಣೂ ಹಂಗ ಕೊಡಾಕ ನಾವೇನು ಗತಿಗೆಟ್ಟೀವೇನ್ರಿ?" ಎಂದು ಹೆಂಡತಿ ಎರಡು ಸೌಟು ಬಿಟ್ಟಳು. ಮರುದಿನ ಖಾಲಾರಿಗೆ ಜಾಡಿ ಬೇಕಾಯಿತು, ಆಮೇಲೆ ಮೂಲೆಮನೆಯವರಿಗೆ. ಒಂದೊಂದು ಜಾಡಿ ಬಿಡಿಸಲೂ ಮತ್ತೊಂದರ ಎರವಲು, ಎರವಲಿಗೆಲ್ಲ ಸೌಟು ಸೌಟು ಜೇನು. ಕಡೆಗೊಂದು ದಿನ ನಮ್ಮ ತೊಂದರೆ ತಾನಾಗಿಯೇ ಬಗೆಹರಿಯಿತು. ಉಳಿದ ಜೇನು ನಮ್ಮ ಒಂದೇ ಜಾಡಿಯಲ್ಲಿ ಆರಾಮವಾಗಿ ಹಿಡಿಸಿತು.

ಅಷ್ಟರಲ್ಲಿ ನೀಲಮ್ಮ ಗಂಡು ಹೆತ್ತಳು. ತೊಟ್ಟಿಲಿಗೆ ಹಾಕುವ ದಿನ ಬೀಗತಿ ಬರುವರೆಂದು ತಿಳಿದದ್ದೇ ಹೆಂಡತಿಯ ಮುಖ ಬಾಡಿತು. "ಬಾಣಂತಿ ಜೇನು ಓಣಿಗೆ ಹಂಚಿದ್ರು ಅಂತ ನೀಲಾಗ ಜಲ್ಮಪೂರ್ತಿ ಆಡ್ತಾರ್ರಿ" ಎಂದಳು. ನನಗೂ ಹೆದರಿಕೆಯಾಯಿತು. ಹಂಚಿದವರು ನಾವು, ಮಾತು ಕೇಳಬೇಕಾದವಳು ಮಗಳು.

ಬೀಗತಿ ಬಂದರು. ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಕೇಳಿದ್ದೇ, "ಜೇನು ಎಲ್ಲಿಟ್ಟೀರಿ?"

ಹೆಂಡತಿ ಆ ಒಂದು ಜಾಡಿ ತಂದಿಟ್ಟು, ತಲೆ ತಗ್ಗಿಸಿ ನಿಂತಳು. ನಾನು ಛಾವಣಿಯ ತೊಲೆಗಳನ್ನು ಪರೀಕ್ಷಿಸುತ್ತಿದ್ದೆ. ಅದೇ ಹೊತ್ತಿಗೆ ಶಾಂತವ್ವ ಬಾಣಂತಿಗೆಂದು ಬಿಸಿ ಸಜ್ಜಕ ತಂದಳು. ಖಾಲಾ ಅಂಜೂರ, ಉತ್ತತ್ತಿ ಕಳಿಸಿದರು.

"ದಿನಾ ಹಿಂಗೇರಿ ಅತ್ತಿ," ಎಂದಳು ನೀಲಮ್ಮ ಒಳಗಿನಿಂದ. "ಒಬ್ರಿಲ್ಲಾ ಒಬ್ರು ಏನಾರ ತಂದೇ ತರ್ತಾರ."

ಬೀಗತಿ ಜಾಡಿಯೊಳಗೆ ಹಣಿಕಿ ನೋಡಿ ನಕ್ಕರು. "ನನ್ನ ಬಾಣಂತನದಾಗ ನಮ್ಮವ್ವ ಜೇನಿಗಿ ಕೀಲಿ ಹಾಕಿ ಇಟ್ಟಿದ್ಲು. ಓಣ್ಯಾಗಿನ ಒಂದ್ ನರಪಿಳ್ಳಿ ಬಂದು ಮಾತಾಡಸ್ಲಿಲ್ಲ. ಅದಕ್ಕೇ, ನೀವು ಮನಿ ಮನಿಗಿ ಜಾಡಿ ಕೇಳಾಕ ಹೋಗ್ಲಿ ಅಂತ, ಡಬ್ಬಿ ಅವತ್ತೇ ವಾಪಸ್ ಕೇಳಿದ್ದೆ."

ಹೆಂಡತಿ ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಮಾಡಿದಳು. ಅಷ್ಟರಲ್ಲಿ ಗಾಡಿಯವನು ಏದುಸಿರು ಬಿಡುತ್ತ ಒಳಗೆ ಬಂದ. ಹೆಗಲ ಮೇಲೆ ಅದೇ ಡಬ್ಬಿ, ತುಂಬಿದ್ದು!

"ಇದೂ ಸಂಜಿಕ್ಕೇ ಬೇಕ್ರಿ, ಬೀಗರೇ" ಎಂದರು ಬೀಗತಿ.

ಜಾಡಿ ಕೇಳಲು ಗಂಟಲು ಸರಿಮಾಡಿಕೊಂಡು ಹೊರಗೆ ಬಂದೆ. ಕೇಳುವ ಕೆಲಸವೇ ಉಳಿದಿರಲಿಲ್ಲ. ಕಮಲಾಪುರದ ಗಾಡಿ ಕಂಡದ್ದೇ ತಡ, ಓಣಿಯವರು ತಮ್ಮ ತಮ್ಮ ಜಾಡಿ ತೊಳೆದು ಕಟ್ಟೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದ್ದರು.